ಮೂವರು ನೋಡಿದ ಕಣ್ಣು

ಕಣ್ಣಿನ ರೋಗದ ವಿಷಯ ಬರೆಯಹೊರಟವಳು ವಿಜ್ಞಾನದ ವಿದ್ಯಾರ್ಥಿನಿಯಾಗಿರಬೇಕೆಂದು ವಾಚಕರು ಊಹಿಸಿದರೆ ತಪ್ಪಲ್ಲ. ಆದರೆ ನಾನು ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಆದ್ದರಿಂದ ಮನೆಗೆ ಬಂದ ಕಾಗದ ಬ್ಯಾಂಕಿನದಾಗಲಿ, ಆಸ್ಪತ್ರೆಯದಾಗಲಿ, ಅದನ್ನು ಓದಿ ಅರ್ಥ ಹೇಳುವ ಅಧಿಕಾರ ನನ್ನದು. ಈ ಅಧಿಕಾರವನ್ನು ಬಹಳ ದಿನ ಹೆಮ್ಮೆಯಿಂದಲೇ ನಡೆಸಿಕೊಂಡು ಬಂದೆ. ಒಮ್ಮೆ ಅದನ್ನು ತಪ್ಪಾಗಿ ಚಲಾಯಿಸಿದ್ದರ ಕತೆಯೇ ಈ ಬರಹ.

ನಮ್ಮ ಅವ್ವ ಅಡಿಕೆ ಆರಿಸುವವಳು. ಶಿವಮೊಗ್ಗದ ಕಡೆಯವರಿಗೆ ಇದಕ್ಕೆ ವಿವರಣೆ ಬೇಕಿಲ್ಲ. ಬಯಲುಸೀಮೆಯಿಂದ ಬಂದು ನಮ್ಮ ಕಾಲೇಜು ಸೇರಿರುವ ಮಿತ್ರರಿಗಾಗಿ ಎರಡು ಮಾತು. ಬೇಯಿಸಿ ಒಣಗಿಸಿದ ಕೆಂಪಡಿಕೆಯೆಲ್ಲ ಒಂದೇ ಅಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅದರಲ್ಲಿ ಬಗೆಗಳುಂಟು. ಎಳೆಯ ಸರಕಿಗೂ ಬಲಿತು ಒರಟಾದ ಗೊರಬಲಿಗೂ ಧಾರಣೆಯಲ್ಲಿ ಅಜಗಜಾಂತರ. ಮಂಡಿಯಲ್ಲಿ ಮೂಟೆ ಬಿಚ್ಚಿ ಸುರಿದ ಅಡಿಕೆಯ ಮುಂದೆ ಕುಳಿತು, ಒಂದೊಂದನ್ನೂ ಕಣ್ಣಿನಿಂದ ನೋಡಿ, ಬೆರಳಿನಲ್ಲಿ ಉರುಳಿಸಿ, ಅದರದರ ಗುಂಪಿಗೆ ಹಾಕುವುದು ಅವ್ವನ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಇದನ್ನೇ ಮಾಡುತ್ತಿದ್ದಾಳೆ. ಅಪ್ಪ ಕೊನೆಗಾರ, ಮರ ಹತ್ತಿ ಕೊನೆ ಇಳಿಸುವವನು. ಮರದ ಮೇಲಿನ ಅಡಿಕೆ ಅಪ್ಪನದು, ನೆಲಕ್ಕೆ ಬಂದದ್ದು ಅವ್ವನದು ಎಂದು ನಮ್ಮ ಮನೆಯಲ್ಲಿ ತಮಾಷೆಯುಂಟು. ಎರಡೂ ವಾಸ್ತವದಲ್ಲಿ ಬೇರೆಯವರದು, ಆ ಮಾತು ಹಾಗಿರಲಿ.

ಅವ್ವನ ಕೈ ಎಷ್ಟು ಬೇಗ ಓಡುತ್ತದೆಂದರೆ, ಹತ್ತಿರ ನಿಂತವರಿಗೆ ಅವಳು ನೋಡುತ್ತಿದ್ದಾಳೆಂದೇ ತೋರದು. ಆದರೆ ಸಂಶಯ ಬಂದ ಅಡಿಕೆಯನ್ನು ಅವಳು ಯಾವ ಗುಂಪಿಗೂ ಹಾಕುವುದಿಲ್ಲ; ಎಡ ಮೊಣಕಾಲಿನ ಬಳಿ ಬೇರೆ ಇಟ್ಟುಕೊಳ್ಳುತ್ತಾಳೆ. ಊಟಕ್ಕೆ ಏಳುವ ಮುನ್ನ ಅವನ್ನು ಪಕ್ಕದಲ್ಲಿ ಕೂರುವ ಅತ್ತೆಗೆ ತೋರಿಸುತ್ತಾಳೆ. ಈ ಅತ್ತೆ ಸಂಬಂಧದಲ್ಲಿ ಅತ್ತೆಯಲ್ಲ, ಕೇರಿಗೆಲ್ಲ ಅತ್ತೆ. “ಇದ್ಕೆಂತ ಹೇಳ್ತೀರಿ?” ಎಂದು ಅವ್ವ, “ಗೊರಬಲೇ ಕಣೇ, ಈ ಬದಿ ನೋಡು” ಎಂದು ಅತ್ತೆ. ಕೆಲವೊಮ್ಮೆ ಒಂದೇ ಅಡಿಕೆಗೆ ಐದು ನಿಮಿಷ ವಾದ ನಡೆಯುವುದನ್ನು ಚಿಕ್ಕಂದಿನಲ್ಲಿ ಕಂಡು, ಇವರಿಗೆ ಬೇರೆ ಕೆಲಸವಿಲ್ಲವೇ ಎಂದು ನಾನು ನಕ್ಕದ್ದುಂಟು.

ಅವ್ವನಿಗೆ ಸಕ್ಕರೆ ಕಾಯಿಲೆಯೆಂದು ಗೊತ್ತಾಗಿ ಒಂಬತ್ತು ವರ್ಷಗಳಾದುವು. ಗುಳಿಗೆ ತಪ್ಪಿಸುವುದಿಲ್ಲ, ಮದುವೆಯ ಮನೆಯಲ್ಲಿ ಹೋಳಿಗೆ ಬೇಡವೆನ್ನುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ. 2024ರ ಡಿಸೆಂಬರಿನಲ್ಲಿ ನಮ್ಮೂರ ಶಾಲೆಯಲ್ಲಿ ಕಣ್ಣು ತಪಾಸಣೆಯ ಶಿಬಿರ ನಡೆಯಿತು. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆಯಾದರೂ ಕಣ್ಣಿನ ಒಳಭಾಗವನ್ನು ತೋರಿಸಬೇಕೆಂದು ಅಲ್ಲಿ ಬರೆದು ಹಾಕಿದ್ದರು. ನಾನೇ ಅವ್ವನನ್ನು ಕರೆದೊಯ್ದೆ. ಕಣ್ಣಿಗೆ ಹನಿ ಹಾಕಿ, ಪಾಪೆ ಅರಳುವ ತನಕ ಗೋಡೆಗೆ ಒರಗಿಸಿ ಕೂರಿಸಿ, ಆಮೇಲೆ ಗಲ್ಲವನ್ನು ಒಂದು ಪಟ್ಟಿಯ ಮೇಲೆ ಇರಿಸಿ, ಪಳಕ್ಕನೆ ಬೆಳಕು ಬಿಟ್ಟು ಫೋಟೋ ತೆಗೆದರು. ಬಲಗಣ್ಣಿಗೊಂದು, ಎಡಗಣ್ಣಿಗೊಂದು.

ಆ ಫೋಟೋವನ್ನು ಕಂಪ್ಯೂಟರಿನ ಪರದೆಯ ಮೇಲೆ ಕಂಡಾಗ ನನಗಾದ ಸೋಜಿಗವನ್ನು ಹೇಳದಿರಲಾರೆ. ಕತ್ತಲಲ್ಲಿ ತೇಲುವ ಕೇಸರಿ ಬಣ್ಣದ ಒಂದು ಚಂದ್ರ. ಅದರ ಒಂದು ಪಕ್ಕದಲ್ಲಿ ಹಳದಿಯ ಬಟ್ಟಲು. ಆ ಬಟ್ಟಲಿನಿಂದ ಹೊರಟು ಕವಲೊಡೆಯುತ್ತ ಹೋಗುವ ಕೆಂಪು ನಾಳಗಳು, ನಕ್ಷೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ಗುಡ್ಡಗಳ ನಡುವೆ ಕೈ ಚಾಚಿದಂತೆ. ನಡುವೆ ಸ್ವಲ್ಪ ಕಪ್ಪಾದ ಒಂದು ಜಾಗ. ಇದೇ ಅಕ್ಷಿಪಟಲ, ವೈದ್ಯರು ರೆಟಿನಾ ಎನ್ನುತ್ತಾರೆ. ಆ ನಡುವಿನ ಕಪ್ಪು ಜಾಗದಿಂದಲೇ ನಾವು ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ರಾಶಿಯನ್ನೂ ಗೊರಬಲನ್ನೂ ಬೇರೆ ಮಾಡುವುದು. ಮೈಯನ್ನು ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಸ್ಥಳ ಇದು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ತನ್ನ ನೇತ್ರದರ್ಶಕವನ್ನು ಲೋಕಕ್ಕೆ ತಿಳಿಸುವ ತನಕ, ಬದುಕಿರುವ ಮನುಷ್ಯನ ಕಣ್ಣಿನೊಳಗನ್ನು ವೈದ್ಯರು ಹೀಗೆ ಕಂಡಿರಲಿಲ್ಲ.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯುವುದು ಕಳ್ಳನ ಹಾಗೆ. ನೋವಿಲ್ಲ, ಉರಿಯಿಲ್ಲ, ನೀರು ಸೋರುವುದಿಲ್ಲ. ಬಹಳ ದಿನ ದೃಷ್ಟಿಯೂ ಕುಂದುವುದಿಲ್ಲ. ಮೊದಲು ಸಣ್ಣ ನಾಳಗಳ ಗೋಡೆ ಅಲ್ಲಲ್ಲಿ ಉಬ್ಬಿ, ಸೂಜಿಮೊನೆಯಂಥ ಕೆಂಪು ಚುಕ್ಕೆಗಳಾಗುತ್ತವೆ. ಮುಂದೆ ರಕ್ತ ಜಿನುಗುತ್ತದೆ. ಕೊಬ್ಬು ಸೋರಿ ಹಳದಿಯ ಕಣಗಳಾಗಿ ನಿಲ್ಲುತ್ತದೆ. ಕೊನೆಗೆ ಹೊಸ ನಾಳಗಳು ಕಳೆಯಂತೆ ಹುಟ್ಟಿ ಒಡೆಯುತ್ತವೆ. ರೋಗವಿಲ್ಲ, ಅಲ್ಪ, ಮಧ್ಯಮ, ತೀವ್ರ, ಹೊಸ ನಾಳ ಹುಟ್ಟಿದ ಸ್ಥಿತಿ ಎಂದು ಇದಕ್ಕೆ ಐದು ದರ್ಜೆಗಳು. 2003ರಲ್ಲಿ ನಾನಾ ದೇಶದ ವೈದ್ಯರು ಒಪ್ಪಿ ಮಾಡಿಕೊಂಡ ಅಳತೆ ಇದು. ಅಲ್ಪ ಎಂದರೆ ಮನೆಗೆ ಹೋಗಬಹುದು. ಮಧ್ಯಮ ಎಂದರೆ ತಜ್ಞರ ಬಳಿಗೆ ಹೋಗಬೇಕು. ಮನೆಗೂ ಆಸ್ಪತ್ರೆಗೂ ನಡುವಿನ ಗಡಿಗೆರೆ ಈ ಎರಡು ಮಾತುಗಳ ಮಧ್ಯೆ ಇದೆ.

ಶಿಬಿರದಲ್ಲಿ ಅವ್ವನಿಗೆ ಒಂದು ಚೀಟಿ ಕೊಟ್ಟರು. ಅಲ್ಪ ತೊಂದರೆ, ಒಂದು ವರ್ಷದ ಮೇಲೆ ಬನ್ನಿ ಎಂದಿತ್ತು. ಇಪ್ಪತ್ತು ದಿನಗಳ ಮೇಲೆ ದೂರವಾಣಿ ಬಂತು. ಮಾತಾಡಿದ ಹುಡುಗಿ ತುಂಬ ಮರ್ಯಾದೆಯವಳು. “ನಿಮ್ಮ ತಾಯಿಯ ಫೋಟೋನ ಮೂರು ಜನ ನೋಡಿದಾರೆ. ಇಬ್ರು ಗಾಬರಿ ಪಡೋದೇನಿಲ್ಲ ಅಂದಿದಾರೆ. ಒಬ್ರಿಗೆ ಮಾತ್ರ ಬಲಗಣ್ಣಲ್ಲಿ ಸ್ವಲ್ಪ ಅನುಮಾನ. ಒಂದ್ಸಲ ಆಸ್ಪತ್ರೆಗೆ ಬಂದು ತೋರಿಸ್ಬಿಡಿ” ಎಂದಳು.

ಅದು ಜನವರಿ. ಮಂಡಿಯಲ್ಲಿ ಉಸಿರಾಡಲು ಬಿಡುವಿಲ್ಲದ ಕಾಲ. ಆಸ್ಪತ್ರೆಯೆಂದರೆ ಒಂದು ದಿನದ ಕೂಲಿ ಹೋಯಿತು. ಹನಿ ಹಾಕಿದರೆ ಆ ದಿನವೆಲ್ಲ ಕಣ್ಣು ಮಂಜು. ಜೊತೆಗೆ ಬಸ್ಸಿನ ಖರ್ಚು. ಅವ್ವ ಒಲೆಯ ಮುಂದೆ ಕುಳಿತು ನನ್ನ ಮುಖ ನೋಡಿದಳು. “ಎಂತ ಮಾಡೂದೇ? ನೀ ಹೇಳ್ದಂಗೆ” ಎಂದಳು.

ನಾನು ಹೇಳಿದೆ. “ಮೂವರಲ್ಲಿ ಇಬ್ಬರು ಏನಿಲ್ಲ ಅಂದಿದಾರಲ್ಲ ಅವ್ವಾ. ಹೆಚ್ಚು ಜನ ಹೇಳಿದ್ದೇ ಸರಿಯಿರ್ತದೆ. ಸುಗ್ಗಿ ಮುಗೀಲಿ, ಶಿವರಾತ್ರಿ ಕಳೆದ ಮೇಲೆ ಹೋದರಾಯ್ತು.”

ಅವ್ವ ಕೊಂಚ ಹೊತ್ತು ಸುಮ್ಮನಿದ್ದು, “ಆ ಒಬ್ರು ಎಂತ ಕಂಡ್ರಂತೆ?” ಎಂದು ಕೇಳಿದಳು. ನನಗದು ಕೇಳಬೇಕೆಂದೇ ಹೊಳೆದಿರಲಿಲ್ಲ. ಗೊತ್ತಿಲ್ಲವೆಂದೆ. ಅವಳು ಮತ್ತೆ ಮಾತಾಡಲಿಲ್ಲ. ಓದಿದ ಮಗಳು ಲೆಕ್ಕ ಹಾಕಿ ಹೇಳಿದ್ದಾಳೆ, ಮುಗಿಯಿತು.

2025ರ ಮಾರ್ಚಿನಲ್ಲಿ ನಾವು ಹೋದೆವು. ಆ ವೇಳೆಗೆ ಅವ್ವ ಸಂಜೆಯ ಹೊತ್ತು ಅಡಿಕೆಯನ್ನು ಬಾಗಿಲ ಕಡೆಗೆ ಹಿಡಿದು ನೋಡತೊಡಗಿದ್ದಳು. ವೈದ್ಯರು, ವಯಸ್ಸಾದ ಹೆಂಗಸು, ಡಿಸೆಂಬರಿನ ಅದೇ ಫೋಟೋವನ್ನು ಪರದೆಯ ಮೇಲೆ ತೆರೆದು ನನ್ನನ್ನು ಹತ್ತಿರ ಕರೆದರು. ನಡುವಿನ ಕಪ್ಪು ಜಾಗದ ಅಂಚಿನಲ್ಲಿ ರಾಗಿಯ ಕಾಳಿಗಿಂತ ಚಿಕ್ಕದಾದ ನಾಲ್ಕು ಹಳದಿ ಕಣಗಳು. ತೋರಿಸಿದ ಮೇಲೆ ಕಂಡವು. ತೋರಿಸುವ ಮೊದಲು ನಾನು ಅದೇ ಜಾಗವನ್ನು ನೋಡಿಯೂ ಕಂಡಿರಲಿಲ್ಲ. ಇಬ್ಬರು ಇದನ್ನು ಕ್ಯಾಮೆರಾದ ಗಾಜಿಗೆ ಕುಳಿತ ಧೂಳೆಂದು ಬಿಟ್ಟಿದ್ದರಂತೆ. ಶಿಬಿರದ ಧೂಳಿನಲ್ಲಿ ಅದೇನೂ ಅಪರೂಪವಲ್ಲ. ಮೂರನೆಯವರು ಮಾಡಿದ್ದು ಒಂದೇ ಕೆಲಸ: ಎಡಗಣ್ಣಿನ ಫೋಟೋವನ್ನು ತೆಗೆದು ಪಕ್ಕಕ್ಕಿಟ್ಟರು. ಗಾಜಿನ ಮೇಲಿನ ಧೂಳಾಗಿದ್ದರೆ ಆ ಫೋಟೋದಲ್ಲಿಯೂ ಅದೇ ಜಾಗದಲ್ಲಿ ಅದೇ ಕಲೆ ಇರಬೇಕಿತ್ತು. ಇರಲಿಲ್ಲ. ಆಮೇಲೆ ಮೂವರೂ ಕೂಡಿ ನೋಡಿದಾಗ, ಧೂಳೆಂದ ಇಬ್ಬರೂ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆಂದು ವೈದ್ಯರು ಹೇಳಿದರು. ನಮಗೆ ದೂರವಾಣಿ ಬಂದದ್ದೇ ಅದಾದ ಮೇಲೆ. ಆ ಹುಡುಗಿ ನಾವು ಹೆದರಬಾರದೆಂದು ಮೆಲ್ಲಗೆ ಹೇಳಿದ್ದಳು. ನಾನು ಮೆಲ್ಲಗೆ ಹೇಳಿದ್ದನ್ನು ಸಣ್ಣದೆಂದು ತಿಳಿದಿದ್ದೆ.

ಅಕ್ಷಿಪಟಲದ ನಡುವೆ ನೀರು ತುಂಬಿ ಊದಿಕೊಂಡಿತ್ತು. ಕಣ್ಣಿಗೇ ಚುಚ್ಚುಮದ್ದು ಕೊಡಬೇಕೆಂದರು. ಎರಡು ತಿಂಗಳು ತಡವಾದದ್ದರಿಂದ ಎಷ್ಟು ಹಾನಿಯಾಯಿತೆಂದು ನಾನು ಕೇಳಿದೆ. ಅದನ್ನು ಯಾರೂ ಹೇಳಲಾರರು ಎಂದರು. ಅವರು ನನ್ನನ್ನು ಸಮಾಧಾನಪಡಿಸಲು ಹಾಗೆಂದರೋ, ನಿಜವೇ ಅದೋ, ಎರಡೂ ಇರಬಹುದು. ಬಸ್ಸಿನಲ್ಲಿ ಹಿಂದಿರುಗುವಾಗ ಅವ್ವ ಬಲಗಣ್ಣಿಗೆ ಕೈಮರೆ ಮಾಡಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮೊದಲು ನನ್ನ ಸಿಟ್ಟೆಲ್ಲ ತಿರುಗಿದ್ದು ಆ ಇಬ್ಬರ ಮೇಲೆ. ಓದಿ ಪದವಿ ಪಡೆದವರಿಗೆ ಧೂಳಿಗೂ ರೋಗಕ್ಕೂ ವ್ಯತ್ಯಾಸ ತಿಳಿಯಬಾರದೇ? ನಮ್ಮ ಅರ್ಥಶಾಸ್ತ್ರದ ಗುರುಗಳ ಮುಂದೆ ಇದನ್ನು ಹೇಳಿಕೊಂಡೆ. ಅವರು ನಗುತ್ತ, “ಎಂ.ಎ. ಉತ್ತರಪತ್ರಿಕೆಯನ್ನು ಇಬ್ಬರ ಕೈಯಲ್ಲಿ ಯಾಕೆ ತಿದ್ದಿಸುತ್ತಾರೆ? ಅಂತರ ಹೆಚ್ಚಾದರೆ ಮೂರನೆಯವರಿಗೆ ಯಾಕೆ ಕಳಿಸುತ್ತಾರೆ? ಇಬ್ಬರೂ ಓದಿದವರೇ ಅಲ್ಲವೆ?” ಎಂದರು. ಮರುದಿನ ಒಂದು ಸಂಶೋಧನ ಲೇಖನದ ಪ್ರತಿಯನ್ನು ತಂದುಕೊಟ್ಟರು. ಅದರ ಇಂಗ್ಲಿಷು ನನಗೆ ಕಬ್ಬಿಣದ ಕಡಲೆ. ಆದರೂ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಹದಿನೈದು ದಿನ ಅಗಿದೆ.

ಲೇಖನ 2016ರದು, ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಇತರ ವೈದ್ಯರೊಡನೆ ಸೇರಿ ಪ್ರಕಟಿಸಿದ್ದು. ಅಕ್ಷಿಪಟಲದ ಫೋಟೋ ನೋಡಿ ರೋಗ ಹೇಳುವುದನ್ನು ಯಂತ್ರಕ್ಕೆ ಕಲಿಸಿದ ಬಗೆ ಅದರಲ್ಲಿದೆ. ಯಂತ್ರದ ಸುದ್ದಿಯನ್ನು ಎಲ್ಲರೂ ಓದಿರುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಯಂತ್ರದ ಮೇಷ್ಟರುಗಳು. 1,28,175 ಫೋಟೋಗಳು. ಅವಕ್ಕೆ ದರ್ಜೆ ಹಾಕಲು ಅಮೆರಿಕದ 54 ಮಂದಿ ಕಣ್ಣಿನ ವೈದ್ಯರು ಮತ್ತು ತರಬೇತಿಯ ಕೊನೆಯ ಹಂತದಲ್ಲಿದ್ದವರು. ಒಂದೊಂದು ಫೋಟೋವನ್ನೂ ಮೂವರಿಂದ ಏಳು ಮಂದಿಯವರೆಗೆ, ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ತಿಳಿಯದಂತೆ ನೋಡಿದರು. ಫೋಟೋಗಳು ಬಂದದ್ದು ಅಮೆರಿಕದಿಂದ ಮತ್ತು ನಮ್ಮ ದೇಶದ ಮೂರು ಆಸ್ಪತ್ರೆಗಳಿಂದ: ಅರವಿಂದ ಕಣ್ಣಾಸ್ಪತ್ರೆ, ಶಂಕರ ನೇತ್ರಾಲಯ, ಮತ್ತು ಬೆಂಗಳೂರಿನ ನಾರಾಯಣ ನೇತ್ರಾಲಯ. ಆ ರಾಶಿಯಲ್ಲಿ ನಮ್ಮ ಕಡೆಯ ಯಾವುದೋ ಅವ್ವನ ಕಣ್ಣೂ ಇದ್ದಿರಬಹುದು. ಕಡಲಾಚೆ ಕುಳಿತ ಐದಾರು ಜನ ಅದರ ಕುರಿತು ಬೇರೆಬೇರೆ ಮಾತು ಹೇಳಿರಬಹುದು.

ಏಕೆಂದರೆ ಅವರಲ್ಲಿಯೂ ಒಮ್ಮತವಿರಲಿಲ್ಲ. ಅಷ್ಟೇ ಅಲ್ಲ, ಕೆಲವು ಫೋಟೋಗಳನ್ನು ಒಬ್ಬರಿಗೇ ಎರಡನೆಯ ಸಲ ತೋರಿಸಿ, ಅವರು ತಮ್ಮ ಮಾತಿಗೆ ತಾವೇ ಎಷ್ಟು ನಿಲ್ಲುತ್ತಾರೆಂದೂ ಅಳೆದಿದ್ದಾರೆ! ಇದನ್ನು ಓದಿದಾಗ ನನಗೊಂದು ಹುಚ್ಚು ಯೋಚನೆ ಬಂತು. ಆ ಭಾನುವಾರ ಮಂಡಿಯಿಂದ ರಾಶಿ ಗೊರಬಲು ಬೆರೆತ ನೂರು ಅಡಿಕೆ ತರಿಸಿ, ಒಂದೊಂದಕ್ಕೂ ಬಿಳಿಯ ಬಣ್ಣದಿಂದ ಅಂಕಿ ಹಾಕಿ, ಅತ್ತೆಯನ್ನೂ ನಮ್ಮ ಜಗಲಿಗೆ ಕರೆಸಿದೆ. ಅವ್ವನ ಬಲಗಣ್ಣು ಮಂಜಾಗಿದ್ದರೂ ಹಗಲಿನ ಬೆಳಕಿನಲ್ಲಿ ಅವಳಿಗೆ ಅಡಿಕೆಯ ಗುರುತು ಸಿಗುತ್ತಿತ್ತು. ಇಬ್ಬರೂ ಬೇರೆಬೇರೆ ಹೊತ್ತಿನಲ್ಲಿ, ಮಾತಾಡಿಕೊಳ್ಳದೆ, ಆರಿಸಬೇಕು. ಮಾತಾಡಬಾರದೆಂಬ ನಿಯಮ ಅವರಿಬ್ಬರಿಗೂ ಹಿಡಿಸಲಿಲ್ಲ. “ಮಾತಾಡ್ದೆ ಆರ್ಸಿದ್ರೆ ಅದೆಂತ ಆರ್ಸೂದೇ ಮಾರಾಯ್ತಿ?” ಎಂದು ಅತ್ತೆ ಗೊಣಗಿದರು.

ನೂರರಲ್ಲಿ 82ಕ್ಕೆ ಇಬ್ಬರ ಮಾತೂ ಒಂದಾಯಿತು. ನನಗೆ ಬಹಳ ಸಂತೋಷವಾಯಿತು; ಗುರುಗಳು ಆ ಸಂತೋಷಕ್ಕೆ ತಣ್ಣೀರು ಎರಚಿದರು. ಕಣ್ಣು ಮುಚ್ಚಿ ಎಸೆದರೂ ಕೆಲವು ಒಂದೇ ಗುಂಪಿಗೆ ಬೀಳುವುವಲ್ಲ, ಅದನ್ನು ಕಳೆಯಬೇಡವೆ ಎಂದರು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೊಹೆನ್ 1960ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟಿದ್ದಾನೆ. ಅದರ ಹೆಸರು ಕಪ್ಪಾ. ಅವ್ವ 70 ಅಡಿಕೆಯನ್ನು ರಾಶಿಗೆ ಹಾಕಿದ್ದಳು, ಅತ್ತೆ 80ನ್ನು. ಇಷ್ಟು ಪ್ರಮಾಣದಲ್ಲಿ ಇಬ್ಬರೂ ನೋಡದೆ ಹಾಕಿದ್ದರೂ ಸುಮಾರು 62 ಹೊಂದುತ್ತಿದ್ದುವು. ಹಾಗಾದರೆ ಕಣ್ಣಿನ ಬಲದಿಂದ ಗಳಿಸಬಹುದಾಗಿದ್ದು ಉಳಿದ 38, ಗಳಿಸಿದ್ದು 20. ಭಾಗಿಸಿದರೆ ಅರ್ಧಕ್ಕಿಂತ ತುಸು ಹೆಚ್ಚು, 0.53. ಇಪ್ಪತ್ತೆರಡು ವರ್ಷ ಪಕ್ಕಪಕ್ಕದಲ್ಲಿ ಕುಳಿತವರ ಕತೆ ಇದು. ಮರುದಿನ ಅದೇ ನೂರನ್ನು ಕಲಸಿ ಮತ್ತೆ ಅವ್ವನ ಮುಂದಿಟ್ಟೆ. ಹಿಂದಿನ ದಿನ ರಾಶಿ ಎಂದಿದ್ದ ಐದನ್ನು ಗೊರಬಲು ಎಂದಳು, ಗೊರಬಲು ಎಂದಿದ್ದ ನಾಲ್ಕನ್ನು ರಾಶಿ ಎಂದಳು. ತಾಳೆ ಹಾಕಿ ತೋರಿಸಿದಾಗ ಕೋಪಿಸಿಕೊಂಡಳು. ಆಮೇಲೆ ಆ ಒಂಬತ್ತನ್ನು ಬೊಗಸೆಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, “ಇವು ನಡುವಿನವು ಕಣೇ. ಇವಕ್ಕೆ ನಾನಾದ್ರೂ ಎಂತ ಹೇಳ್ಲಿ?” ಎಂದಳು. ಆ ಇಬ್ಬರು ವೈದ್ಯರ ಮೇಲಿನ ನನ್ನ ಸಿಟ್ಟು ಇಳಿದದ್ದು ಆ ಹೊತ್ತಿನಲ್ಲಿ.

ಸಿಟ್ಟು ಇಳಿಯಿತು, ಆದರೆ ನನ್ನ ತಪ್ಪು ಯಾವುದೆಂಬುದು ಇನ್ನೂ ಬಿಡಿಸಿರಲಿಲ್ಲ. ಮೂವರು ಮೂರು ಹೇಳಿದಾಗ ಹೆಚ್ಚು ಜನ ಹೇಳಿದ್ದನ್ನು ಹಿಡಿಯುವುದರಲ್ಲಿ ದೋಷವೇನು? 2016ರ ಲೇಖನದವರೂ ಹಾಗೆಯೇ ಬಹುಮತವನ್ನು ಹಿಡಿದಿದ್ದರು. ಯಂತ್ರವನ್ನು ಪರೀಕ್ಷಿಸುವ ಫೋಟೋಗಳಿಗೆ ಕನಿಷ್ಠ ಏಳು ವೈದ್ಯರನ್ನು ಕೂರಿಸಿ, ಹೆಚ್ಚು ಮಂದಿಯ ಮಾತನ್ನೇ ನಿಜವೆಂದು ಇಟ್ಟುಕೊಂಡಿದ್ದರು. ಆದರೆ ಅದೇ ಸಂಶೋಧಕರಲ್ಲಿ ಕೆಲವರು 2018ರಲ್ಲಿ ಇನ್ನೊಂದು ಲೇಖನ ಬರೆದರು. ಈ ಸಲ ಅಕ್ಷಿಪಟಲದ ವಿಶೇಷ ತಜ್ಞರು ಮೂವರು ಮೊದಲು ಬೇರೆಬೇರೆಯಾಗಿ ದರ್ಜೆ ಹಾಕಿದರು. ಎಲ್ಲಿ ಹೊಂದಲಿಲ್ಲವೋ ಆ ಫೋಟೋಗಳನ್ನು ಮತ್ತೆ ತೆರೆದು, ನೀವು ಯಾಕೆ ಹೀಗಂದಿರಿ, ನಾನು ಯಾಕೆ ಹಾಗಂದೆ ಎಂದು ವಾದಿಸಿ, ಒಮ್ಮತ ಬರುವ ತನಕ ಬಿಡಲಿಲ್ಲ. ಹೀಗೆ ಬಂದ ತೀರ್ಪಿನ ಪಕ್ಕದಲ್ಲಿ ಬಹುಮತದ ತೀರ್ಪನ್ನಿಟ್ಟು ನೋಡಿದರು. ಎರಡೂ ಬೇರೆಯಾದ ಕಡೆಗಳಲ್ಲಿ ಬಹುಮತ ಹೆಚ್ಚಾಗಿ ಎಡವಿದ್ದು ಆ ಸೂಜಿಮೊನೆಯ ಚುಕ್ಕೆಗಳನ್ನು ಕಾಣದೆ. ಅದರ ನಂತರ ಕ್ಯಾಮೆರಾದ ಕಲೆಯಾವುದು, ರೋಗದ ಗುರುತು ಯಾವುದೆಂದು ತಿಳಿಯದೆ.

ಈ ಮಾತನ್ನು ಓದಿ ಪುಸ್ತಕ ಮುಚ್ಚಿ ಕುಳಿತುಬಿಟ್ಟೆ. ಕಾಣದಿರುವುದು ಸುಲಭ, ಅದಕ್ಕೆ ಏನೂ ಮಾಡಬೇಕಿಲ್ಲ. ನೂರು ಜನ ಕಾಣದಿರಬಹುದು. ಕಂಡೆನೆನ್ನುವವನಾದರೋ ಎಲ್ಲಿ, ಏನು ಎಂದು ಬೆರಳಿಟ್ಟು ತೋರಿಸಬಲ್ಲ. ಹಾಗಿರುವಾಗ ಕಂಡವನೊಬ್ಬನನ್ನೂ ಕಾಣದವರಿಬ್ಬರನ್ನೂ ತಕ್ಕಡಿಯಲ್ಲಿಟ್ಟು ತೂಗಿದೆನಲ್ಲ! ನಮ್ಮ ಕಾಲೇಜಿನ ತರಗತಿ ಪ್ರತಿನಿಧಿಯ ಆಯ್ಕೆಗೆ ಆ ತೂಕ ಸರಿ. ಅಲ್ಲಿ ಯಾರು ಬೇಕೆಂಬುದು ನಮ್ಮ ಇಷ್ಟಕ್ಕೆ ಸೇರಿದ್ದು. ಹಳದಿ ಕಣ ಇದೆಯೋ ಇಲ್ಲವೋ ಎಂಬುದು ಯಾರ ಇಷ್ಟಕ್ಕೂ ಸೇರಿದ್ದಲ್ಲ. ಹಾಗೆಂದು ಒಬ್ಬನೇ ಹೇಳಿದ್ದೆಲ್ಲ ನಿಜವೆಂದೂ ನಾನು ಹೇಳುತ್ತಿಲ್ಲ. ಧೂಳನ್ನು ರೋಗವೆಂದು ಹೆದರಿಸುವ ಒಬ್ಬನೂ ಇರುತ್ತಾನೆ. ಅವನನ್ನು ಕೇಳಬೇಕು, ಅಷ್ಟೆ. ಅವ್ವ ಒಲೆಯ ಮುಂದೆ ಕುಳಿತು ಕೇಳಿದ್ದು ಅದನ್ನೇ. ಮೂವತ್ತು ಪುಟದ ಇಂಗ್ಲಿಷು ಓದಿ ನಾನು ತಲುಪಿದ ಜಾಗದಲ್ಲಿ ಅವಳು ಜನವರಿಯಲ್ಲಿಯೇ ಕುಳಿತಿದ್ದಳು.

ಇನ್ನೂ ಕೆಲವು ಸಂಗತಿ ಓದಿಕೊಂಡೆ. ಇಂಗ್ಲೆಂಡಿನಲ್ಲಿ 2003ರಲ್ಲಿ ಆರಂಭವಾದ ತಪಾಸಣೆಯಲ್ಲಿ ಮೊದಲನೆಯವರು ರೋಗವಿದೆಯೆಂದ ಫೋಟೋಗಳನ್ನೆಲ್ಲ ಎರಡನೆಯವರು ನೋಡುತ್ತಾರೆ. ಇಲ್ಲವೆಂದವುಗಳಲ್ಲಿಯೂ ಹತ್ತಕ್ಕೊಂದನ್ನು ಎತ್ತಿ ನೋಡುತ್ತಾರೆ. ಹೊಂದದಿದ್ದರೆ ಮತ್ತೊಬ್ಬರು ತೀರ್ಮಾನಿಸುತ್ತಾರೆ. ದುಡಿಯುವ ವಯಸ್ಸಿನವರಲ್ಲಿ ಕುರುಡಿಗೆ ಮೊದಲನೆಯ ಕಾರಣವಾಗಿದ್ದ ಈ ರೋಗ ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ 2009-10ರ ಲೆಕ್ಕಕ್ಕೆ ಆ ಸ್ಥಾನದಿಂದ ಇಳಿದಿತ್ತು. ನಮ್ಮಲ್ಲಿಯೇ 2008ರಲ್ಲಿ ನಾರಾಯಣ ನೇತ್ರಾಲಯದವರು ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಕಣ್ಣಿಗಾಗಿ ಕಿಡ್‌ರಾಪ್ ಎಂಬ ಯೋಜನೆ ಆರಂಭಿಸಿದರು. ವೈದ್ಯರಲ್ಲದ, ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋಗಿ, ಕೂಸಿನ ಅಕ್ಷಿಪಟಲದ ಚಿತ್ರ ತೆಗೆದು, ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದರು: ಹಸಿರಾದರೆ ಚಿಂತೆಯಿಲ್ಲ, ಕಿತ್ತಳೆಯಾದರೆ ಮತ್ತೆ ನೋಡಬೇಕು, ಕೆಂಪಾದರೆ ಚಿಕಿತ್ಸೆ. ದೂರದಲ್ಲಿದ್ದ ತಜ್ಞರೂ ಅದೇ ಚಿತ್ರ ನೋಡಿದರು. ಇದನ್ನು ಓದಿ ಹೇಳಿದಾಗ ಅವ್ವನಿಗೆ ಬಲು ಮೆಚ್ಚಿಗೆಯಾಯಿತು. “ಹಂಗಾರೆ ಆರ್ಸೂದು ಕಲಿತ್ರೆ ಸಾಕು ಅನ್ನು, ಡಾಕ್ಟ್ರೇ ಆಗ್ಬೇಕು ಅಂತಿಲ್ಲ” ಎಂದಳು. ಅಷ್ಟು ಸುಲಭವಲ್ಲವೆಂದು ನಾನು ತಿದ್ದಲು ಹೋಗಲಿಲ್ಲ.

ಅವ್ವನ ಬಲಗಣ್ಣಿಗೆ ಇದುವರೆಗೆ ಆರು ಚುಚ್ಚುಮದ್ದುಗಳಾಗಿವೆ. ಊತ ಇಳಿದಿದೆ. ಹಗಲಿನಲ್ಲಿ ಮೊದಲಿನಂತೆಯೇ ಆರಿಸುತ್ತಾಳೆ. ನಾಲ್ಕು ಗಂಟೆಯ ಮೇಲೆ ಮಂಡಿಯ ಆ ಮಂದ ದೀಪದಲ್ಲಿ ರಾಶಿಗೂ ಗೊರಬಲಿಗೂ ಗುರುತು ಹತ್ತುವುದಿಲ್ಲವೆಂದು ಬೇಗ ಮನೆಗೆ ಬರುತ್ತಾಳೆ. ಅಷ್ಟರ ಮಟ್ಟಿಗೆ ಕೂಲಿಯೂ ಕಡಮೆ. ಎಡ ಮೊಣಕಾಲಿನ ಬಳಿಯ ಗುಂಪು ಈಗ ಮೊದಲಿಗಿಂತ ದೊಡ್ಡದಾಗಿದೆಯೆಂದು ಅತ್ತೆ ನನಗೆ ಗುಟ್ಟಾಗಿ ಹೇಳಿದರು.

ಆಸ್ಪತ್ರೆಗೆ ಹೊರಡುವಾಗಲೆಲ್ಲ ಅವ್ವ ಚೀಲದಲ್ಲಿ ಒಂದು ಸಣ್ಣ ಪೊಟ್ಟಣ ಇಟ್ಟುಕೊಳ್ಳುತ್ತಾಳೆ. ಕಾಲು ಕಿಲೋ ಸರಕು. ತಾನೇ ಒಂದೊಂದಾಗಿ ಆರಿಸಿ, ಕೂಲಿಯಲ್ಲಿ ಮುರಿಸಿಕೊಂಡು ತಂದದ್ದು. ಆ ಮೂರನೆಯವರಿಗೆ ಕೊಡಬೇಕಂತೆ. ಫೋಟೋ ನೋಡುವವರು ಈ ಊರಿನಲ್ಲಿಯೇ ಇಲ್ಲ, ಎಲ್ಲಿಯೋ ಕಂಪ್ಯೂಟರಿನ ಮುಂದೆ ಕುಳಿತಿರುತ್ತಾರೆ, ಅವರ ಹೆಸರನ್ನು ಹೇಳುವ ಪದ್ಧತಿಯಿಲ್ಲ ಎಂದು ಅಲ್ಲಿಯವರು ಎರಡು ಸಲ ತಿಳಿಸಿ ಹೇಳಿದ್ದಾರೆ. ಅವ್ವ ತಲೆಯಾಡಿಸುತ್ತಾಳೆ. ಮುಂದಿನ ಸಲ ಮತ್ತೆ ಪೊಟ್ಟಣ ಚೀಲಕ್ಕೆ ಹೋಗುತ್ತದೆ. ಹಿಂದಿನ ವಾರ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, “ಗಂಡಸೋ ಹೆಂಗಸೋ, ಅದಾದ್ರೂ ಕೇಳಿದ್ಯನೇ?” ಎಂದಳು.